ರೋಮನ್ ನಾಣ್ಯವೋ, ಬೈಜಾಂಟೈನ್ ನಾಣ್ಯವೋ, ಪದಕವೋ? ಸಂಗ್ರಹಕ್ಕೆ ಇಳಿಯುವವರಿಗೊಂದು ಹೋಲಿಕೆ

ಸಾವಿರದ ಏಳುನೂರು ವರ್ಷಗಳ ಹಿಂದೆ ಕಾನ್‌ಸ್ಟಂಟೈನ್ ಚಕ್ರವರ್ತಿಯ ಟಂಕಸಾಲೆಯಲ್ಲಿ ಅಚ್ಚಾದ ಅಸಲಿ ನಾಣ್ಯವೊಂದನ್ನು ಇಂದು ಒಂದೆರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಳ್ಳಬಹುದು ಎಂದರೆ ಹೆಚ್ಚಿನವರು ನಂಬುವುದಿಲ್ಲ. ನಂಬುವುದಕ್ಕೆ ಕಾರಣವಿದೆ. 2010ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್‌ನ ಫ್ರೋಮ್ ಪಟ್ಟಣದ ಬಳಿ, ಹೊಲದಲ್ಲಿ ಹೂತಿದ್ದ ಒಂದೇ ಮಡಕೆಯಿಂದ 52,503 ರೋಮನ್ ನಾಣ್ಯಗಳು ಹೊರಬಂದವು. ರೋಮ್ ತನ್ನ ಸೈನಿಕರಿಗೆ ಸಂಬಳವನ್ನು ನಾಣ್ಯದಲ್ಲಿ ಕೊಡುತ್ತಿತ್ತು. ಅದಕ್ಕಾಗಿ ಟಂಕಸಾಲೆಗಳು ಹಗಲಿರುಳು ದುಡಿದವು, ಜನ ಉಳಿತಾಯವನ್ನು ನೆಲದಲ್ಲಿ ಹೂಳಿಟ್ಟರು, ಹೂಳಿಟ್ಟವರಲ್ಲಿ ಎಷ್ಟೋ ಮಂದಿ ಅಗೆಯಲು ಹಿಂತಿರುಗಿ ಬರಲಿಲ್ಲ. ಹಳೆಯದೆಲ್ಲ ದುಬಾರಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯುರೋಪಿನ ಹಳೆಯ ನಾಣ್ಯಗಳತ್ತ ಮನಸ್ಸು ಹರಿದವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ರೋಮನ್ ನಾಣ್ಯ, ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಪೂರ್ವ ರೋಮನ್ ಸಾಮ್ರಾಜ್ಯದ ಬೈಜಾಂಟೈನ್ ನಾಣ್ಯ, ಮತ್ತು ಹದಿನೈದನೆಯ ಶತಮಾನದಿಂದ ಈಚೆಗಿನ ಐತಿಹಾಸಿಕ ಪದಕ. ಬೆಲೆಯೊಂದನ್ನೇ ನೋಡಿ ಇವುಗಳಲ್ಲಿ ಒಂದನ್ನು ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರರಲ್ಲೂ ಅಗ್ಗದ ವಸ್ತುಗಳಿವೆ, ಮೂರರಲ್ಲೂ ಮನೆ ಮಾರಿಸುವಂಥವೂ ಇವೆ. ಲೋಹದ ಮೇಲೆ ಇರುವುದನ್ನು ನೀವೇ ಕುಳಿತು ಓದಬಲ್ಲಿರಾ, ಓದಿದ್ದು ನಿಮ್ಮನ್ನು ಇನ್ನೊಂದು ನಾಣ್ಯದತ್ತ ಕರೆದೊಯ್ಯುತ್ತದೆಯೇ ಎಂಬುದನ್ನು ನೋಡಿ ಆರಿಸಿ. ಓದಲಾಗದ ನಾಣ್ಯ ಆರು ತಿಂಗಳಲ್ಲಿ ಬೇಸರ ತರಿಸುತ್ತದೆ.

ರೋಮನ್ ನಾಣ್ಯ: ಮುಖಗಳ ಲೋಕ

ರೋಮನ್ ನಾಣ್ಯದ ಬಲವೇ ಮುಖ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಮುಖ ರೋಮಿನ ನಾಣ್ಯದ ಮೇಲೆ ಬಂತು. ಬದುಕಿರುವ ರೋಮನ್ ವ್ಯಕ್ತಿಯೊಬ್ಬನ ಚಿತ್ರ ರೋಮಿನಲ್ಲೇ ಒತ್ತಿದ ನಾಣ್ಯದ ಮೇಲೆ ಕಂಡದ್ದು ಅದೇ ಮೊದಲು. ಅಲ್ಲಿಂದ ಮುಂದೆ ಸುಮಾರು ಮುನ್ನೂರು ವರ್ಷ ಅಚ್ಚು ಕೊರೆಯುವವರು ಚಕ್ರವರ್ತಿಗಳನ್ನು ಇದ್ದಂತೆಯೇ ತೋರಿಸಿದರು. ನೀರೋನ ದಪ್ಪ ಕತ್ತು, ವೆಸ್ಪೇಷಿಯನ್ನನ ಸುಕ್ಕುಗಟ್ಟಿದ ರೈತನಂಥ ಮುಖ, ಕ್ಯಾರಕಲ್ಲನ ಗಂಟು ಹುಬ್ಬು ಒಂದೊಂದೂ ಬೇರೆ. ಬರಹ ಲ್ಯಾಟಿನ್ ಭಾಷೆಯಲ್ಲಿದ್ದರೂ ಅಕ್ಷರ ನಮಗೆ ಶಾಲೆಯಿಂದಲೇ ಗೊತ್ತಿರುವ ಇಂಗ್ಲಿಷ್ ದೊಡ್ಡಕ್ಷರಗಳೇ. ಬಿರುದುಗಳ ಹತ್ತಿಪ್ಪತ್ತು ಸಂಕ್ಷೇಪಗಳನ್ನು ಕಲಿತರೆ ಒಂದು ವಾರದಲ್ಲಿ ನಾಣ್ಯ ಯಾರದೆಂದು ಹೇಳಬಲ್ಲಿರಿ. ಚಕ್ರವರ್ತಿ ಹೊಂದಿದ್ದ, ಜನಪ್ರತಿನಿಧಿಯ ಪದವಿಯಾದ ಟ್ರಿಬ್ಯೂನ್ ಅಧಿಕಾರ ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತಿತ್ತು. ಅದರ ಸಂಖ್ಯೆ ನಾಣ್ಯದ ಮೇಲಿದ್ದರೆ ಒತ್ತಿದ ವರ್ಷವೂ ಗೊತ್ತಾಗುತ್ತದೆ.

ಇದರೊಳಗೇ ಮತ್ತೆ ಆಯ್ಕೆಗಳಿವೆ. ಬೆಳ್ಳಿಯ ದಿನಾರಿಯಸ್ ಎಲ್ಲರ ಮೊದಲ ಕನಸು. ಕ್ರಿ.ಪೂ. 211ರ ಸುಮಾರಿಗೆ ಹುಟ್ಟಿದ ಈ ನಾಣ್ಯ ಆಗಸ್ಟಸ್ ಕಾಲದಲ್ಲಿ 3.9 ಗ್ರಾಂನಷ್ಟು ಶುದ್ಧ ಬೆಳ್ಳಿಯಾಗಿತ್ತು. ಕ್ರಿ.ಶ. 64ರಲ್ಲಿ ನೀರೋ ಅದರ ತೂಕವನ್ನೂ ಶುದ್ಧತೆಯನ್ನೂ ಇಳಿಸಿದ. 194ರ ನಂತರ ಸೆಪ್ಟಿಮಿಯಸ್ ಸೆವೆರಸ್‌ನ ದಿನಾರಿಯಸ್‌ನಲ್ಲಿ ಬೆಳ್ಳಿ ಅರ್ಧದಷ್ಟೇ ಉಳಿಯಿತು. 215ರಲ್ಲಿ ಕ್ಯಾರಕಲ್ಲ ತಂದ ಆಂಟೊನಿನಿಯಾನಸ್ ಎಂಬ ದೊಡ್ಡ ನಾಣ್ಯ, ಐವತ್ತು ವರ್ಷಗಳ ಆಸುಪಾಸಿನಲ್ಲಿ, ಗ್ಯಾಲಿಯೆನಸ್‌ನ ಕೊನೆಯ ದಿನಗಳಲ್ಲಿ, ನೂರಕ್ಕೆ ಐದು ಪಾಲು ಬೆಳ್ಳಿಯೂ ಇಲ್ಲದ ತಾಮ್ರವಾಗಿತ್ತು. ಈ ಇಳಿತವನ್ನು ಪುಸ್ತಕದಲ್ಲಿ ಓದುವುದು ಒಂದು. ನಾಲ್ಕು ನಾಣ್ಯಗಳನ್ನು ಸಾಲಾಗಿ ಇಟ್ಟು ಬಣ್ಣ ಬದಲಾಗುವುದನ್ನು ಕಣ್ಣಾರೆ ಕಾಣುವುದು ಇನ್ನೊಂದು. ನನಗೆ ಕೇಳಿದರೆ ಸಣ್ಣ ಸಂಗ್ರಹವೊಂದಕ್ಕೆ ಇದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಆಗಸ್ಟಸ್‌ನ ಒಂದನ್ನು ಬಿಟ್ಟರೆ ಉಳಿದವುಗಳಿಗೆ ದೊಡ್ಡ ಹಣವೂ ಬೇಡ. ಸೆವೆರಸ್ ವಂಶದ ಸಾಮಾನ್ಯ ದಿನಾರಿಯಸ್ ಹತ್ತು ಸಾವಿರ ರೂಪಾಯಿಯ ಆಚೀಚೆ ಸಿಗುತ್ತದೆ.

"ಹನ್ನೆರಡು ಸೀಸರರು" ಎಂದು ಹೊರಡುವವರಿಗೆ ಎಚ್ಚರಿಕೆ ಹೇಳಬೇಕು. ಜೂಲಿಯಸ್ ಸೀಸರನಿಂದ ಡೊಮಿಷಿಯನ್‌ವರೆಗೆ ಒಂದೊಂದು ನಾಣ್ಯ ಕೂಡಿಸುವ ಈ ಹಂಬಲ ಹಳೆಯದು, ಅದಕ್ಕೇ ಇಡೀ ಜಗತ್ತಿನ ಸಂಗ್ರಾಹಕರು ಅದೇ ಹನ್ನೆರಡರ ಹಿಂದೆ ಬಿದ್ದಿದ್ದಾರೆ. ಒಥೊ 69ನೆಯ ಇಸವಿಯಲ್ಲಿ ಆಳಿದ್ದು ಮೂರು ತಿಂಗಳು ಮಾತ್ರ. ರೋಮಿನ ಟಂಕಸಾಲೆಯಲ್ಲಿ ಅವನ ಹೆಸರಿನ ಕಂಚಿನ ನಾಣ್ಯವೇ ಇಲ್ಲದ್ದರಿಂದ ಅಗ್ಗದ ದಾರಿಯೂ ಇಲ್ಲ. ಕಲಿಗುಲನ ದಿನಾರಿಯಸ್ ಅಪರೂಪ. ಹತ್ತು ತುಂಬಿ ಎರಡು ಖಾಲಿ ಉಳಿದ ತಟ್ಟೆ ಮನುಷ್ಯನನ್ನು ಅವಸರಕ್ಕೆ ತಳ್ಳುತ್ತದೆ, ನಕಲಿ ಮಾರುವವರು ಕಾದಿರುವುದೂ ಆ ಅವಸರಕ್ಕೇ. ಅದರ ಬದಲು ಗ್ಯಾಲಿಯೆನಸ್ 267–268ರಲ್ಲಿ ರೋಮಿನಲ್ಲಿ ಒತ್ತಿಸಿದ ಪ್ರಾಣಿಗಳ ಸರಣಿಯನ್ನು ನೋಡಿ. ಸಾಮ್ರಾಜ್ಯ ಎಲ್ಲ ದಿಕ್ಕಿನಿಂದ ಮುರಿಯುತ್ತಿದ್ದಾಗ ಒಂದೊಂದು ದೇವತೆಯ ರಕ್ಷಣೆ ಬೇಡಿ ಒತ್ತಿದ ನಾಣ್ಯಗಳವು: ಡಯಾನಾಗೆ ಜಿಂಕೆ, ಬ್ಯಾಕಸ್‌ಗೆ ಚಿರತೆ, ಸೂರ್ಯನಿಗೆ ರೆಕ್ಕೆಯ ಕುದುರೆ, ನೆಪ್ಚೂನನಿಗೆ ಮೀನಿನ ಬಾಲದ ಕುದುರೆ. ಒರಟಾಗಿ ಒತ್ತಿದವು, ಬೆಲೆ ಕಡಿಮೆ, ಆದರೆ ಒಂದೊಂದೂ ಭಯಗೊಂಡ ರಾಜ್ಯದ ಪ್ರಾರ್ಥನೆ.

ಹಿತ್ತಾಳೆಯ ಸೆಸ್ಟೆರ್ಷಿಯಸ್ ಬಗ್ಗೆ ಒಂದೇ ಮಾತು. ಇಪ್ಪತ್ತೈದು ಗ್ರಾಂನ ಆ ಅಗಲವಾದ ತಟ್ಟೆಯಲ್ಲಿ ರೋಮನ್ ಶಿಲ್ಪಿಯ ಕೈಚಳಕ ಪೂರ್ತಿ ಕಾಣುತ್ತದೆ, ಆದರೆ ಚೆನ್ನಾಗಿ ಉಳಿದದ್ದು ದುಬಾರಿ. ಅಗ್ಗಕ್ಕೆ ಸಿಗುವುದು ಸವೆದು ನುಣುಪಾಗಿರುತ್ತದೆ, ಇಲ್ಲವೇ ಹೊಸ ಕಾಲದಲ್ಲಿ ಉಳಿಯಿಂದ ಕೆತ್ತಿ "ಚೆಂದ" ಮಾಡಿದ್ದಾಗಿರುತ್ತದೆ.

ಹೊಸಬರಿಗೆ ನಾನು ತೋರಿಸುವ ಬಾಗಿಲು ನಾಲ್ಕನೆಯ ಶತಮಾನದ ಸಣ್ಣ ಕಂಚಿನ ನಾಣ್ಯ. 330ರಲ್ಲಿ ಕಾನ್‌ಸ್ಟಂಟೈನ್ ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲನ್ನು ಉದ್ಘಾಟಿಸಿದ ಸಮಯದಲ್ಲಿ ಎರಡು ಬಗೆ ಹೊರಟವು. ಒಂದರ ಮೇಲೆ ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಇನ್ನೊಂದರ ಮೇಲೆ ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವತೆ. ಹಿಂಭಾಗದ ಕೆಳ ಅಂಚಿನಲ್ಲಿ ಟಂಕಸಾಲೆಯ ಗುರುತು ಇರುತ್ತದೆ: ಟ್ರಿಯರ್, ಲಿಯಾನ್, ಆಂಟಿಯೋಕ್, ಅಲೆಕ್ಸಾಂಡ್ರಿಯ ಹೀಗೆ. ಒಂದೇ ಚಿತ್ರ ಹತ್ತಾರು ಊರುಗಳಲ್ಲಿ ಅಚ್ಚಾದದ್ದರಿಂದ ಊರಿಗೊಂದರಂತೆ ಕೂಡಿಸುತ್ತ ಹೋದರೆ ಇಡೀ ಸಾಮ್ರಾಜ್ಯದ ನಕಾಶೆ ನಿಮ್ಮ ಮೇಜಿನ ಮೇಲಿರುತ್ತದೆ. ಗುರುತನ್ನು ಭೂತಗನ್ನಡಿಯಲ್ಲಿ ಓದಿ, ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುವ ರೋಮನ್ ನಾಣ್ಯಸೂಚಿಯಲ್ಲಿ ಹುಡುಕಿ, ಸರಿಯಾದ ಸಂಖ್ಯೆಯನ್ನು ನೀವೇ ಬರೆದುಕೊಳ್ಳುವ ಅಭ್ಯಾಸ ಇಲ್ಲಿ ಬೇಗ ಕೂಡುತ್ತದೆ.

ಬೈಜಾಂಟೈನ್: ಚೆಲುವು ಕಡಿಮೆ, ಓದು ಹೆಚ್ಚು

ರೋಮನ್ ನಾಣ್ಯ ಮುಗಿದು ಬೈಜಾಂಟೈನ್ ನಾಣ್ಯ ಶುರುವಾಗುವ ಗಡಿಯನ್ನು ಸಂಗ್ರಾಹಕರು ಸಾಮಾನ್ಯವಾಗಿ 498ಕ್ಕೆ ಎಳೆಯುತ್ತಾರೆ. ಆ ವರ್ಷ ಅನಸ್ಟೇಷಿಯಸ್ ಚಕ್ರವರ್ತಿ ತಾಮ್ರದ ಚಿಲ್ಲರೆಯನ್ನು ಹೊಸದಾಗಿ ಕಟ್ಟಿದ. ನಾಣ್ಯದ ಹಿಂಭಾಗವನ್ನು ತುಂಬುವ ಒಂದೇ ದೊಡ್ಡ ಅಕ್ಷರ ಅದರ ಬೆಲೆ ಹೇಳುತ್ತದೆ. ಗ್ರೀಕ್ ಲೆಕ್ಕದಲ್ಲಿ 'ಎಂ' ಎಂದರೆ ನಲವತ್ತು, 'ಕೆ' ಇಪ್ಪತ್ತು, 'ಐ' ಹತ್ತು. ನಲವತ್ತರ ನಾಣ್ಯಕ್ಕೆ ಫಾಲಿಸ್ ಎಂದು ಹೆಸರು. ರೋಮನ್ ನಾಣ್ಯದ ದೇವದೇವತೆಯರ ಮೇಳವನ್ನು ನೋಡಿ ಬಂದವರಿಗೆ ಇದು ಬರಡಾಗಿ ಕಾಣುತ್ತದೆ, ಮುಖಗಳೂ ಹೆಚ್ಚುಕಡಿಮೆ ಒಂದೇ ಅಚ್ಚು. ಇದೇ ಕಾರಣಕ್ಕೆ ಬೇಡಿಕೆ ಕಡಿಮೆ, ಬೆಲೆಯೂ ಕಡಿಮೆ. ಇಲ್ಲಿಯೇ ನಿಜವಾದ ಲಾಭವಿದೆ ಎಂದು ನಾನು ನಂಬಿದ್ದೇನೆ.

ಜಸ್ಟಿನಿಯನ್ ತನ್ನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಅಂದರೆ 538–539ರಲ್ಲಿ, ಫಾಲಿಸ್‌ನ ಮೇಲೆ ವರ್ಷವನ್ನು ಬರೆಸಲು ತೊಡಗಿದ. ಎಡಕ್ಕೆ ವರ್ಷ ಎಂಬರ್ಥದ ಲ್ಯಾಟಿನ್ ಪದ 'ಅನ್ನೊ', ಬಲಕ್ಕೆ ವರ್ಷದ ಸಂಖ್ಯೆ, ಕೆಳಗೆ ಊರಿನ ಹೆಸರು. ಎಲ್ಲವೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು, ಏಕೆಂದರೆ ಆ ವರ್ಷಗಳ ಫಾಲಿಸ್ ನಾಲ್ಕು ಸೆಂಟಿಮೀಟರ್ ಅಗಲ, ಇಪ್ಪತ್ತು ಗ್ರಾಂಗೂ ಮೀರಿದ ತೂಕ. 542ರಲ್ಲಿ ಮಹಾಮಾರಿ ಕಾನ್‌ಸ್ಟಾಂಟಿನೋಪಲ್‌ಗೆ ಬಂತು. ಅಲ್ಲಿಂದಾಚೆಗಿನ ಫಾಲಿಸ್‌ಗಳನ್ನು ತಕ್ಕಡಿಗೆ ಹಾಕಿದರೆ ತೂಕ ಇಳಿಯುತ್ತ ಹೋಗುವುದು ಕಾಣುತ್ತದೆ. ಭೂಕಂಪದಲ್ಲಿ ನೆಲಸಮವಾದ ಆಂಟಿಯೋಕ್ ನಗರಕ್ಕೆ 528ರಲ್ಲಿ ಥಿಯೊಪೊಲಿಸ್, ಅಂದರೆ ದೇವನಗರಿ ಎಂದು ಹೊಸ ಹೆಸರಿಟ್ಟರು. ಟಂಕಸಾಲೆಯ ಗುರುತೂ ಬದಲಾಯಿತು. ಅಲಂಕಾರವಿಲ್ಲದ ಈ ತಾಮ್ರ ಇಸವಿ, ಊರು, ಅನಾಹುತ ಎಲ್ಲವನ್ನೂ ಹೇಳುತ್ತದೆ. ಬಹುಪಾಲು ರೋಮನ್ ನಾಣ್ಯಗಳು ಇಷ್ಟು ನೇರವಾಗಿ ಕಾಲವನ್ನು ಹೇಳುವುದಿಲ್ಲ.

ಮುಂದಿನ ಶತಮಾನಗಳಲ್ಲಿ ಓದು ಕಷ್ಟವಾಗುತ್ತದೆ. ಹೆರಾಕ್ಲಿಯಸ್ ಕಾಲದಲ್ಲಿ ಹಳೆಯ ನಾಣ್ಯಗಳನ್ನೇ ಕತ್ತರಿಸಿ ಅದರ ಮೇಲೆಯೇ ಹೊಸ ಅಚ್ಚು ಹೊಡೆದರು; ಒಂದೇ ತುಂಡಿನ ಮೇಲೆ ಇಬ್ಬರು ಚಕ್ರವರ್ತಿಗಳ ಚೂರು ಕಾಣುವುದುಂಟು. ಲ್ಯಾಟಿನ್ ಅಕ್ಷರಗಳ ನಡುವೆ ಗ್ರೀಕ್ ಬಂದು ಸೇರುತ್ತದೆ. ಆದರೆ ಧರ್ಮದ ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಇದಕ್ಕಿಂತ ದೊಡ್ಡ ನಿಕ್ಷೇಪ ಬೇರಿಲ್ಲ. ಎರಡನೆಯ ಜಸ್ಟಿನಿಯನ್ ತನ್ನ ಮೊದಲ ಆಳ್ವಿಕೆಯಲ್ಲಿ, 695ಕ್ಕೆ ಮುಂಚೆ, ಚಿನ್ನದ ನಾಣ್ಯದ ಮುಂಭಾಗಕ್ಕೆ ಕ್ರಿಸ್ತನ ಮುಖವನ್ನು ತಂದು ತಾನು ಹಿಂಭಾಗಕ್ಕೆ ಸರಿದ. ಧಾರ್ಮಿಕ ಚಿತ್ರಗಳನ್ನು ನಿಷೇಧಿಸಿದ ವಿಗ್ರಹಭಂಜನೆಯ ಕಾಲದಲ್ಲಿ ಆ ಮುಖ ಕಾಣಲಿಲ್ಲ, 843ರ ನಂತರ ಮರಳಿ ಬಂತು. ಐರಿನಿ ಎಂಬ ಮಹಾರಾಣಿ 797ರಿಂದ 802ರವರೆಗೆ ಒಬ್ಬಳೇ ಆಳಿದಾಗ ಚಿನ್ನದ ನಾಣ್ಯದ ಎರಡೂ ಬದಿಗೆ ತನ್ನ ಚಿತ್ರವನ್ನೇ ಒತ್ತಿಸಿದಳು. ಸುಮಾರು 970ರಿಂದ 1092ರವರೆಗೆ ತಾಮ್ರದ ಮೇಲೆ ಹೆಚ್ಚಾಗಿ ಅರಸನ ಹೆಸರೇ ಇಲ್ಲ. ಹಲವುಗಳಲ್ಲಿ ಒಂದು ಕಡೆ ಕ್ರಿಸ್ತ, ಇನ್ನೊಂದು ಕಡೆ "ಯೇಸು ಕ್ರಿಸ್ತ, ರಾಜಾಧಿರಾಜ" ಎಂಬ ಬರಹ. ಈ ಅನಾಮಿಕ ಫಾಲಿಸ್‌ಗಳು ಹೇರಳವಾಗಿ, ಸುಲಭ ಬೆಲೆಗೆ ಸಿಗುತ್ತವೆ.

ಬೈಜಾಂಟೈನ್ ಚಿನ್ನದ ಆಸೆ ಹಲವರಿಗೆ. ಕಾನ್‌ಸ್ಟಂಟೈನ್ ಶುರುಮಾಡಿದ ಸಾಲಿಡಸ್, ಒಂದು ರೋಮನ್ ಪೌಂಡಿಗೆ 72ರಂತೆ, ಸುಮಾರು ನಾಲ್ಕೂವರೆ ಗ್ರಾಂ. ಹನ್ನೊಂದನೆಯ ಶತಮಾನದವರೆಗೂ ಅದರ ಶುದ್ಧತೆ ಹೆಚ್ಚುಕಡಿಮೆ ಕೆಡಲಿಲ್ಲ. ಹಳೆಯ ರೋಮನ್ ಚಿನ್ನದ ನಾಣ್ಯವಾದ ಆರಿಯಸ್‌ಗೆ ಹೋಲಿಸಿದರೆ ಸಾಲಿಡಸ್ ಎಷ್ಟೋ ಕಡಿಮೆ ಬೆಲೆಗೆ ದೊರೆಯುತ್ತದೆ. ಆದರೆ ಮೊದಲ ಎರಡು ಮೂರು ವರ್ಷ ಚಿನ್ನದ ಹತ್ತಿರ ಹೋಗಬೇಡಿ. ಅಂಚು ಕತ್ತರಿಸಿದ್ದು, ಆಭರಣದಿಂದ ಕಿತ್ತು ಕೊಂಡಿ ತೆಗೆದು ತೇಪೆ ಹಾಕಿದ್ದು, ಪೂರ್ತಿ ನಕಲಿ, ಇವನ್ನೆಲ್ಲ ಗುರುತಿಸಲು ಕಣ್ಣು ಪಳಗಬೇಕು.

ಪದಕ: ಖರ್ಚಿಗಲ್ಲ, ನೆನಪಿಗೆ

ಬೈಜಾಂಟೈನ್ ಚಕ್ರವರ್ತಿಯೊಬ್ಬನಿಂದಲೇ ಯುರೋಪಿನ ಪದಕಕಲೆ ಆರಂಭವಾಯಿತು ಎಂಬುದು ಈ ಮೂರು ದಾರಿಗಳನ್ನು ಒಂದು ಕಡೆ ಕಟ್ಟುವ ಗಂಟು. ತುರ್ಕರ ಒತ್ತಡದಿಂದ ಕಂಗೆಟ್ಟಿದ್ದ ಎಂಟನೆಯ ಜಾನ್ ಪೇಲಿಯೊಲೊಗಸ್ ಸಹಾಯ ಬೇಡಿ 1438ರಲ್ಲಿ ಇಟಲಿಯ ಫೆರಾರಕ್ಕೆ ಧರ್ಮಸಭೆಗೆ ಬಂದ. ಅವನನ್ನು ಕಂಡ ಚಿತ್ರಕಾರ ಪಿಸನೆಲ್ಲೊ, ಚೂಪು ಟೋಪಿ ಧರಿಸಿದ ಆ ಮುಖವನ್ನು ಸುಮಾರು ಹತ್ತು ಸೆಂಟಿಮೀಟರ್ ಅಗಲದ ಲೋಹದಲ್ಲಿ ಎರಕ ಹೊಯ್ದ. ರೋಮನ್ ನಾಣ್ಯಗಳ ಗುಂಗಿನಲ್ಲಿದ್ದ ಇಟಲಿಯ ಅರಸರಿಗೆ ತಮಗೂ ಅಂಥದ್ದು ಬೇಕೆನಿಸಿತು. ಬೈಜಾಂಟೈನ್ ಸಾಮ್ರಾಜ್ಯ 1453ರಲ್ಲಿ ಮುಳುಗಿತು, ಪದಕ ಉಳಿದು ಬೆಳೆಯಿತು.

ನಾಣ್ಯದ ಅಚ್ಚುಗಾರನಿಗೆ ವೇಗ ಬೇಕಿತ್ತು. ಪದಕದ ಕಲಾವಿದನಿಗೆ ಸಮಯವಿತ್ತು, ಹೆಸರೂ ಇತ್ತು. ಕಲಾವಿದನ ಸಹಿ, ಘಟನೆ, ತಾರೀಖು ಎಲ್ಲವೂ ಪದಕದ ಮೇಲೆಯೇ ಇರುವುದರಿಂದ ಗುರುತಿಸುವ ಕಷ್ಟ ಕಡಿಮೆ. ಹದಿನೆಂಟು ಹತ್ತೊಂಬತ್ತನೆಯ ಶತಮಾನದ ಕಂಚಿನ ಪದಕಗಳು ಅವುಗಳ ಕಲೆಗೆ ಹೋಲಿಸಿದರೆ ಇಂದಿಗೂ ಅಗ್ಗ. ಆದರೆ ಇಲ್ಲಿ ಬೇರೆಯೇ ಒಂದು ತೊಡಕಿದೆ: ಅಸಲಿ, ನಕಲಿ ಎಂಬ ಎರಡೇ ವಿಂಗಡಣೆ ಸಾಲದು. ಎರಕದ ಪದಕವನ್ನು ಮಾದರಿಯಾಗಿಟ್ಟು ಮತ್ತೊಮ್ಮೆ ಎರಕ ಹೊಯ್ದರೆ, ಆರುವಾಗ ಲೋಹ ಕುಗ್ಗುವುದರಿಂದ, ಮರು ಎರಕ ಮೂಲಕ್ಕಿಂತ ಸ್ವಲ್ಪ ಚಿಕ್ಕದಾಗುತ್ತದೆ, ಗೆರೆಗಳು ಮಂದವಾಗುತ್ತವೆ. ಅಳತೆಪಟ್ಟಿಯಿಲ್ಲದೆ ಹಳೆಯ ಇಟಲಿಯ ಪದಕ ಕೊಳ್ಳಬಾರದು.

ಅಚ್ಚೊತ್ತಿದ ಪದಕಗಳಲ್ಲಿ ಮರುಮುದ್ರಣದ ಪ್ರಶ್ನೆ ಬರುತ್ತದೆ. ನೆಪೋಲಿಯನ್ ಕಾಲದ ಪದಕಗಳ ಅಚ್ಚುಗಳನ್ನು ಪ್ಯಾರಿಸ್ ಟಂಕಸಾಲೆ ಕಾದಿಟ್ಟುಕೊಂಡು ದಶಕಗಳ ನಂತರವೂ ಒತ್ತಿ ಮಾರಿತು. ಪ್ರಾಮಾಣಿಕವಾಗಿಯೇ ಮಾರಿತು, ಅಂಚಿನಲ್ಲಿ ಗುರುತೂ ಹಾಕಿತು. 1832ರಿಂದ 1841ರವರೆಗೆ ದೀಪ, ಅದರ ಬೆನ್ನಿಗೆ ಅಲ್ಪಕಾಲ ಲಂಗರು, 1842ರಿಂದ 1845ರವರೆಗೆ ಹಡಗಿನ ಮೂತಿ, 1860ರವರೆಗೆ ಬೆರಳು ತೋರುವ ಕೈ, 1879ರವರೆಗೆ ಜೇನುಹುಳು, 1880ರಿಂದ ಹಣ್ಣು ತುಂಬಿದ ಕೊಂಬು. 1805ರ ಆಸ್ಟರ್ಲಿಟ್ಸ್ ಯುದ್ಧದ ಪದಕದ ಅಂಚಿನಲ್ಲಿ ಕೊಂಬಿದ್ದರೆ ಅದು 1880ರ ಈಚಿನದು. ಚಿತ್ರಕ್ಕಾಗಿ ಕೊಳ್ಳುವವರಿಗೆ ಅದು ಒಳ್ಳೆಯ ಖರೀದಿಯೇ, ಆದರೆ ಬೆಲೆ ಅದಕ್ಕೆ ತಕ್ಕಂತೆ ಇರಬೇಕು. ಮಾರಾಟಗಾರ ಅಂಚಿನ ಚಿತ್ರ ಕಳುಹಿಸಲು ಹಿಂದೇಟು ಹಾಕಿದರೆ ಅಲ್ಲಿಗೇ ಬಿಟ್ಟುಬಿಡಿ.

ಕನ್ನಡ ನಾಡಿನ ಇತಿಹಾಸ ಈ ದಾರಿಯಲ್ಲಿ ಎದುರಾಗುವ ಜಾಗವೂ ಒಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದದ್ದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಮಾಡಿಸಿತು. ಕ್ಯೂಖ್ಲರ್ ಎಂಬ ಕಲಾವಿದನ ವಿನ್ಯಾಸ, ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯ ಮುದ್ರಣ. ಮುಂಭಾಗದಲ್ಲಿ ಬ್ರಿಟಿಷ್ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿದೆ, ಹಿಂಭಾಗದಲ್ಲಿ ಕೋಟೆಯ ಒಡಕಿಗೆ ನುಗ್ಗುತ್ತಿರುವ ಸೈನ್ಯ, ಕೆಳಗೆ ಪರ್ಷಿಯನ್ ಬರಹ. ಪದವಿಗೆ ತಕ್ಕಂತೆ ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸೈನಿಕರಿಗೂ ಸಿಪಾಯಿಗಳಿಗೂ ತವರ. ಕಲ್ಕತ್ತೆಯಲ್ಲಿ ಒತ್ತಿದ್ದು ಬೇರೆ, ಅದು ಸ್ವಲ್ಪ ಚಿಕ್ಕದು, ಕೆಲಸವೂ ಒರಟು. ಗೆದ್ದವರ ಬಾಯಿಯ ಮಾತು ಇದು, ನಿಜ. ಸೋತ ನೆಲದವರಾಗಿ ನಾವು ಅದನ್ನು ಓದಿದಾಗ ಕಾಣುವುದು ಬೇರೆ, ಆ ಓದನ್ನು ಲಂಡನ್ನಿನ ಸಂಗ್ರಾಹಕ ಮಾಡಲಾರ. ಮಾರಾಟಕ್ಕೆ ಬರುವವುಗಳಲ್ಲಿ ತವರದ ಪ್ರತಿಗಳೇ ಹೆಚ್ಚು ಮನ ಕಲಕುತ್ತವೆ. ಕೊರಳಿಗೆ ತೂಗುಹಾಕಲು ಸಿಪಾಯಿಯೊಬ್ಬ ಕೊರೆಸಿದ ತೂತು ಬೆಲೆಯನ್ನು ಇಳಿಸಬಹುದು, ವಸ್ತುವಿನ ಅರ್ಥವನ್ನು ಹೆಚ್ಚಿಸುತ್ತದೆ.

ನಮ್ಮ ನೆಲದಲ್ಲಿ ಸಿಕ್ಕ ರೋಮನ್ ನಾಣ್ಯ

ಕನ್ನಡದ ಸಂಗ್ರಾಹಕನಿಗೆ ಅತಿ ಹೆಚ್ಚು ಸೆಳೆತ ಇರುವುದು ಈ ನಾಲ್ಕನೆಯ ದಾರಿಗೆ, ಮತ್ತು ಇದನ್ನು ಹಿಡಿಯಲೇಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಮೆಣಸು, ಮಣಿ, ಬಟ್ಟೆಗಾಗಿ ರೋಮ್ ವರ್ಷಕ್ಕೆ ಐದು ಕೋಟಿ ಸೆಸ್ಟೆರ್ಷಿಯಸ್ ಭಾರತಕ್ಕೆ ಸುರಿಯುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಒಂದನೆಯ ಶತಮಾನದಲ್ಲೇ ಗೊಣಗಿದ್ದ. ಆ ಬೆಳ್ಳಿ ನಮ್ಮ ಮಣ್ಣಿಗೂ ಬಂದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ದಿನಾರಿಯಸ್‌ಗಳ ನಿಧಿ ಸಿಕ್ಕಿತು, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಬೆಳ್ಳಿ ಬಂತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟೈನ್ ಚಿನ್ನವೇ ದೊರೆಯಿತು. ದಕ್ಷಿಣ ಭಾರತದ ನಿಧಿಗಳಲ್ಲಿ ಎರಡು ಬಗೆ ಮತ್ತೆ ಮತ್ತೆ ಕಾಣುತ್ತವೆ: ಆಗಸ್ಟಸ್‌ನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತಿರುವುದು, ಟಿಬೇರಿಯಸ್ ಚಕ್ರವರ್ತಿಯ ನಾಣ್ಯದ ಹಿಂಭಾಗದಲ್ಲಿ ಕುಳಿತ ಹೆಣ್ಣಿನ ಚಿತ್ರ. ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಬೇಕೆಂದೇ ಕಚ್ಚು ಹಾಕಿದ್ದು, ಕಾಸಿನ ಸರಕ್ಕೆ ಪೋಣಿಸುವಂತೆ ತೂತು ಕೊರೆದದ್ದು, ಇಲ್ಲಿಯ ಅಕ್ಕಸಾಲಿಗರು ನೋಡಿ ಮಾಡಿದ ಅನುಕರಣೆಗಳು, ಇವು ಭಾರತದ ನಿಧಿಗಳ ವಿಶೇಷ.

ಇಂಥದ್ದೊಂದು ಕೈಯಲ್ಲಿ ಇರಬೇಕೆಂದು ಯಾರಿಗೆ ಅನಿಸುವುದಿಲ್ಲ? ಆದರೆ ಯೋಚಿಸಿ. ಯಶವಂತಪುರದ ನಿಧಿಯಿಂದ ನಾವು ಏನನ್ನಾದರೂ ಕಲಿತಿದ್ದರೆ, ಅದು ಒಟ್ಟಾಗಿ ಎಣಿಕೆಯಾದದ್ದರಿಂದ. ಯಾವ ಅರಸನ ನಾಣ್ಯ ಎಷ್ಟು, ಕೊನೆಯದು ಯಾವುದು, ಎಷ್ಟು ಸವೆದಿದೆ ಎಂಬುದು ಗೊತ್ತಾದರೆ ಮಾತ್ರ ಹೂಳಿಟ್ಟ ಕಾಲವನ್ನು ಊಹಿಸಬಹುದು. ಒಂದೊಂದಾಗಿ ಚದುರಿ ಸಂತೆಗೆ, ಬೆಳ್ಳಿ ಅಂಗಡಿಗೆ, ಸಂಗ್ರಾಹಕನ ಪೆಟ್ಟಿಗೆಗೆ ಹೋದ ನಿಧಿ ಏನನ್ನೂ ಹೇಳಲಾರದು. ಕಾನೂನೂ ಸ್ಪಷ್ಟ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. "ನಮ್ಮೂರ ಹೊಲದಲ್ಲಿ ಸಿಕ್ಕಿದ್ದು" ಎಂದು ಯಾರಾದರೂ ತೋರಿಸಿದರೆ ಒಂದೋ ಅದು ಸುಳ್ಳು, ಇಲ್ಲವೇ ಅಪರಾಧ. ಎರಡೂ ಸಂದರ್ಭದಲ್ಲಿ ಕೊಳ್ಳಬಾರದು. ಅದೇ ಗೇಯಸ್–ಲೂಸಿಯಸ್ ದಿನಾರಿಯಸ್, ಫ್ರಾನ್ಸಿನ ಲಿಯಾನ್‌ನಲ್ಲಿ ಒತ್ತಿದ್ದು, ಯುರೋಪಿನ ಹಳೆಯ ಸಂಗ್ರಹಗಳಿಂದ ದಾಖಲೆ ಸಮೇತ ಧಾರಾಳವಾಗಿ ಬರುತ್ತದೆ. ಯಶವಂತಪುರದ ನೆನಪಿಗೆ ಅದನ್ನು ಕೊಳ್ಳಿ.

ದಾಖಲೆ ಏಕೆ ಮುಖ್ಯ ಎಂಬುದಕ್ಕೆ ದೊಡ್ಡ ಉದಾಹರಣೆ, ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್‌ನ ಚಿನ್ನದ ನಾಣ್ಯ. ಸೀಸರನ ಕೊಲೆಯ ನೆನಪಿಗೆ ಎರಡು ಬಾಕು, ನಡುವೆ ಬಿಡುಗಡೆಯ ಟೋಪಿ ಒತ್ತಿದ ಆ ನಾಣ್ಯ 2020ರ ಅಕ್ಟೋಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 27 ಲಕ್ಷ ಪೌಂಡಿಗೆ ಹೋಯಿತು. ಅದರ ಹಿಂದಿನ ಒಡೆತನದ ಕಥೆ ಕಟ್ಟಿದ್ದೆಂದು ಬಯಲಾಗಿ 2023ರಲ್ಲಿ ಅಮೆರಿಕದ ಅಧಿಕಾರಿಗಳು ಅದನ್ನು ಗ್ರೀಸಿಗೆ ಹಿಂತಿರುಗಿಸಿದರು. ಸಣ್ಣ ತಾಮ್ರದ ನಾಣ್ಯಕ್ಕೂ ರಸೀದಿ, ಹಿಂದಿನ ಹರಾಜಿನ ವಿವರ ಇದ್ದರೆ ಅದು, ಕೇಳಿ ಪಡೆದುಕೊಳ್ಳಿ. "ತೊಳೆಯದ ರೋಮನ್ ನಾಣ್ಯ, ಕಿಲೋಗೆ ಇಷ್ಟು" ಎಂದು ಮಾರುವ ಮಣ್ಣಿನ ಗಂಟುಗಳನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾವುದೋ ಹೊಲವನ್ನು ಕದ್ದು ಅಗೆದವರ ಕೂಲಿ ಅದರಲ್ಲಿ ಸೇರಿರುತ್ತದೆ.

ನಕಲಿ, ಕಿಲುಬು, ಹುಣಸೆಹಣ್ಣು

ಮೂರರಲ್ಲಿ ನಕಲಿಯ ಕಾಟ ಹೆಚ್ಚು ಇರುವುದು ರೋಮನ್ ಬೆಳ್ಳಿ ಮತ್ತು ದೊಡ್ಡ ಹಿತ್ತಾಳೆಯಲ್ಲಿ. ಇದು ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಡುವಾ ನಗರದ ಕಲಾವಿದ ಕವಿನೊ ಸೆಸ್ಟೆರ್ಷಿಯಸ್‌ಗಳ ಸೊಗಸಾದ ಅನುಕರಣೆಗಳನ್ನು ಮಾಡಿದ, ಅವೇ ಈಗ ಪದಕವೆಂದು ಸಂಗ್ರಹಯೋಗ್ಯ. ಜರ್ಮನಿಯ ಬೆಕರ್ (1772–1830) ಕೊರೆದ ಅಚ್ಚುಗಳು ವಸ್ತುಸಂಗ್ರಹಾಲಯಗಳನ್ನೂ ಮೋಸಗೊಳಿಸಿದವು. ಅಂಚಿನ ಸುತ್ತ ಎರಕದ ಗೆರೆ, ಮೈಮೇಲೆ ಗುಳ್ಳೆ, ಸೋಪಿನಂತೆ ನುಣುಪಾದ ಅಕ್ಷರ ಕಂಡರೆ ಅನುಮಾನಿಸಿ. ಒಂದೇ ಗೀರು, ಒಂದೇ ಜಾಗದಲ್ಲಿ ಇರುವ ಎರಡು ನಾಣ್ಯ ಕಂಡರೆ ಅನುಮಾನವೇ ಬೇಡ, ನಕಲಿ. ಬೈಜಾಂಟೈನ್ ಸಾಮಾನ್ಯ ತಾಮ್ರವನ್ನು ನಕಲು ಮಾಡಿದರೆ ಲಾಭವಿಲ್ಲ, ಆದ್ದರಿಂದ ಹೊಸಬರಿಗೆ ಅದು ಸುರಕ್ಷಿತ. ನಮ್ಮ ಪ್ರವಾಸಿ ತಾಣಗಳಲ್ಲಿ ಮಾರುವ "ಕಂಪನಿ ಕಾಲದ ರಾಮ ದರ್ಬಾರ್ ನಾಣ್ಯ" ಮಾತ್ರ ಯಾವ ಲೆಕ್ಕಕ್ಕೂ ಇಲ್ಲ, ಕಂಪನಿ ಅಂಥದ್ದನ್ನು ಒತ್ತಿಸಲೇ ಇಲ್ಲ.

ಕಾಪಾಡುವ ವಿಷಯದಲ್ಲಿ ಹೋಲಿಕೆ ತಿರುವುಮುರುವಾಗುತ್ತದೆ. ಬೆಳ್ಳಿ ಕಪ್ಪಾದರೂ ಕೆಡುವುದಿಲ್ಲ, ಚಿನ್ನಕ್ಕೆ ಚಿಂತೆಯಿಲ್ಲ. ತಾಮ್ರ ಮತ್ತು ಕಂಚಿಗೆ ಗಂಡಾಂತರ. ಒಳಗಿನ ಕ್ಲೋರೈಡ್ ತೇವ ಹೀರಿ ತಿಳಿಹಸಿರು ಪುಡಿಯಾಗಿ ಉದುರತೊಡಗಿದರೆ ನಾಣ್ಯವನ್ನೇ ತಿಂದುಹಾಕುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಹಸಿರು ಪದರ ಬೇರೆ, ಅದು ನಾಣ್ಯದ ರಕ್ಷೆ. ಕೆರೆದಾಗ ಪುಡಿಯಾಗುವುದೇ ರೋಗ. ಮಂಗಳೂರು, ಕಾರವಾರ, ಉಡುಪಿಯ ಮಳೆಗಾಲದಲ್ಲಿ ಇದು ಬೇಗ ಹರಡುತ್ತದೆ. ಕರಾವಳಿಯವರು ಬೈಜಾಂಟೈನ್ ತಾಮ್ರ ಕೂಡಿಸುವುದಾದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ತಪಾಸಣೆ ಇವನ್ನು ಖರ್ಚಿನ ಭಾಗವೆಂದೇ ತಿಳಿಯಬೇಕು. ರೋಗ ಬಂದ ನಾಣ್ಯವನ್ನು ಉಳಿದವುಗಳಿಂದ ದೂರವಿಡಿ. ಪಿವಿಸಿ ಚೀಲ ಬೇಡ, ಅದು ಅಂಟು ಬಿಡುತ್ತದೆ. ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಲಕೋಟೆ ಸರಿ. ಹುಣಸೆಹಣ್ಣು, ನಿಂಬೆ, ರಂಗೋಲಿ ಪುಡಿ ಹಾಕಿ ಪೂಜೆಯ ತಂಬಿಗೆಯಂತೆ ಥಳಥಳಿಸುವ ಹಾಗೆ ತಿಕ್ಕುವವರನ್ನು ನಾಣ್ಯದ ಹತ್ತಿರವೇ ಬಿಡಬೇಡಿ. ಸಾವಿರ ವರ್ಷದ ಪದರ ಐದು ನಿಮಿಷದಲ್ಲಿ ಹೋದರೆ ಮರಳಿ ಬರುವುದಿಲ್ಲ. ಪದಕಗಳಿಗೆ ಜಾಗ ಬೇಕು, ಬೆರಳಿನ ಬೆವರು ಬೀಳದಂತೆ ಅಂಚು ಹಿಡಿದು ಎತ್ತಬೇಕು. ಮುಖ್ಯವಾಗಿ ಅಷ್ಟೇ.

ಯಾರಿಗೆ ಯಾವುದು

ಇತಿಹಾಸದ ವ್ಯಕ್ತಿಗಳಲ್ಲಿ ಮನಸ್ಸಿದ್ದರೆ, ಕೊಂಡದ್ದನ್ನು ಮುಂದೆ ಮಾರುವ ಯೋಚನೆಯೂ ಇದ್ದರೆ ರೋಮನ್ ದಿನಾರಿಯಸ್. ಕೊಳ್ಳುವವರು ಜಗತ್ತಿನಾದ್ಯಂತ ಇದ್ದಾರೆ. ಕಾಲೇಜಿನ ಹುಡುಗ ಹುಡುಗಿಯರಿಗೆ, ತಿಂಗಳಿಗೆ ಸಾವಿರ ಎರಡು ಸಾವಿರ ಮಾತ್ರ ತೆಗೆದಿಡಬಲ್ಲವರಿಗೆ ನಾಲ್ಕನೆಯ ಶತಮಾನದ ಕಂಚು. ತಾಳ್ಮೆ ಇದ್ದು, ಗುಂಪಿನ ಹಿಂದೆ ಹೋಗಲು ಇಷ್ಟವಿಲ್ಲದವರಿಗೆ ಬೈಜಾಂಟೈನ್ ತಾಮ್ರ. ನನ್ನ ಒಲವು ಇದರ ಕಡೆಗೇ ಎಂದು ಓದುಗರಿಗೆ ಈಗಾಗಲೇ ಗೊತ್ತಾಗಿರಬಹುದು. ಶಿಲ್ಪ, ಚಿತ್ರಕಲೆ ಬಲ್ಲವರು ನೇರವಾಗಿ ಪದಕಕ್ಕೆ ಹೋಗಬಹುದು. ಅದಕ್ಕೆ ನಾಣ್ಯದ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಮೈಸೂರು ಯುದ್ಧಗಳಲ್ಲಿ ಆಸಕ್ತಿ ಇರುವವರಂತೂ ಪದಕದಿಂದಲೇ ಶುರು ಮಾಡಲಿ.

ಎಲ್ಲಿ ವಾಸ ಎಂಬುದೂ ಆಯ್ಕೆಯನ್ನು ಬದಲಿಸುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ಮೀರಿದ ಐತಿಹಾಸಿಕ ನಾಣ್ಯವನ್ನು ಪುರಾತನ ವಸ್ತು ಎಂದೇ ಪರಿಗಣಿಸುತ್ತದೆ. ಅಂಥದ್ದನ್ನು ಖಾಸಗಿಯವರು ಭಾರತದಿಂದ ಹೊರಕ್ಕೆ ಸಾಗಿಸುವಂತಿಲ್ಲ, ಅದರ ವ್ಯಾಪಾರಕ್ಕೂ ಪರವಾನಗಿ ಬೇಕು. ಬೆಂಗಳೂರಿನಲ್ಲಿ ಕುಳಿತು ಜರ್ಮನಿಯಿಂದ ತರಿಸಿದ ಫಾಲಿಸ್‌ಗೆ ಸೀಮಾಸುಂಕ ಕಟ್ಟಬೇಕಾಗಬಹುದು. ಬಂದ ಮೇಲೆ ಅದನ್ನು ವಿದೇಶದ ಹರಾಜಿಗೆ ಮರಳಿ ಕಳುಹಿಸುವ ದಾರಿ ಮುಚ್ಚಿರುತ್ತದೆ. ಇಲ್ಲಿಯ ಸಂಗ್ರಾಹಕ ಇದನ್ನು ಹೂಡಿಕೆ ಎಂದು ಎಣಿಸದೆ, ಜೀವಮಾನ ಜೊತೆಗಿಟ್ಟುಕೊಳ್ಳುವ ವಸ್ತುಗಳನ್ನೇ ಆರಿಸುವುದು ಒಳ್ಳೆಯದು. ಮ್ಯೂನಿಕ್‌ನಲ್ಲೋ ಲಂಡನ್ನಿನಲ್ಲೋ ನೆಲೆಸಿರುವ ಕನ್ನಡಿಗರಿಗೆ ಆಯ್ಕೆ ವಿಶಾಲ, ಅಲ್ಲಿ ಕೊಂಡು ಅಲ್ಲಿಯೇ ಮಾರಬಹುದು. ಆದರೆ ಊರಿಗೆ ಮರಳುವ ಯೋಚನೆ ಇದ್ದರೆ, ಸಾಮಾನು ಕಟ್ಟುವ ಮುಂಚೆಯೇ ಯಾವುದನ್ನು ಮಾರಬೇಕು, ಯಾವುದನ್ನು ಮಕ್ಕಳಿಗೆ ಉಳಿಸಬೇಕು ಎಂದು ವಿಂಗಡಿಸಿ, ತರುವುದಕ್ಕೆಲ್ಲ ಖರೀದಿಯ ರಸೀದಿ, ಆ ದೇಶದಿಂದ ಹೊರತರಲು ಬೇಕಾದ ಅನುಮತಿ ಪತ್ರ, ಎರಡೂ ಬದಿಯ ಚಿತ್ರ, ತೂಕದ ಪಟ್ಟಿ ಸಿದ್ಧಮಾಡಿಟ್ಟುಕೊಳ್ಳಿ.